ಇಲಿಗೆ ನೀರು

ಬಿಸಿಯೂಟದ ಅಕ್ಕಿ ಚೀಲದಿಂದ ಹಾರಿದ ಇಲಿಯನ್ನು ಹುಡುಗರು ಶಾಲೆಯ ಅಂಗಳದಲ್ಲಿ ಮುತ್ತಿಕೊಂಡರು. ಚಪ್ಪಲಿ, ಕಲ್ಲು, ಕೈಗೆ ಸಿಕ್ಕಿದ್ದೆಲ್ಲ ಅದರ ಮೇಲೆ ಬಿತ್ತು. ಹಿಂಗಾಲು ಮುರಿಯಿತು.

"ಬಾಲ ಹಿಡದು ಗ್ವಾಡಿಗೆ ಬಡೀಲೇ!"

ಊರ ಹೊರಗಿನ ಕೇರಿಯಿಂದ ಶಾಲೆಗೆ ಬರುವ ಹುಡುಗಿ ದುರುಗವ್ವ ಓಡಿಬಂದು ಇಲಿಗೆ ಅಡ್ಡಲಾಗಿ ಬೋರಲು ಬಿದ್ದಳು. "ಬ್ಯಾಡ್ರೋ, ಸಾಯ್ತೈತಿ!"

"ಸರೀತಿಯೇನ, ನಿನಗೂ ಬಡೀಬೇಕೇನ?"

ಅವಳು ಸರಿಯಲಿಲ್ಲ. ಒಂದು ಕಲ್ಲು ಹಣೆ ಒಡೆಯಿತು. ರಕ್ತ ಕಣ್ಣಿಗಿಳಿದರೂ ಏಳಲಿಲ್ಲ.

ಮಾಸ್ತರು ಬಂದವರೇ ಮುಂದಿದ್ದವನ ಕೆನ್ನೆಗೆ ಬಾರಿಸಿದರು.

"ನಾಕು ಕಾಳು ತಿಂದರ ಕೊಲ್ಲೂದೇನಲೇ? ಹಸಿವು ನಿಮಗಷ್ಟ ಐತೇನು? ಈಕಿನ್ನ ನೋಡಿ ಕಲೀರಿ. ಎಲ್ಲಾ ಜೀವಾನೂ ಒಂದ!"

ಅವರು ಇಲಿಯನ್ನು ಅಂಗೈಯಲ್ಲಿ ಎತ್ತಿಕೊಂಡರು. ತಮ್ಮ ಹಿತ್ತಾಳೆ ಲೋಟದಲ್ಲಿ ನೀರು ತುಂಬಿ ಅದರ ಮೂತಿಗೆ ಹಿಡಿದರು. ಇಲಿ ಅಂಚಿಗೆ ಬಾಯಿ ಹಚ್ಚಿ ಕುಡಿಯಿತು.

"ಸರ, ಲೋಟ ಎಂಜಲಾತ್ರಿ!" ಎಂದು ಒಬ್ಬ ಮೂಗು ಮುರಿದ.

"ಜೀವಕ್ಕ ಎಂಥಾ ಎಂಜಲಲೇ? ನೋಡಿಲ್ಲಿ." ಮಾಸ್ತರು ಉಳಿದ ನೀರನ್ನು ಅದೇ ಲೋಟದಿಂದ ಗಟಗಟ ಕುಡಿದರು. ಹುಡುಗರ ಕೈಯಿಂದ ಚಪ್ಪಲಿಗಳು ಒಂದೊಂದಾಗಿ ಕೆಳಗೆ ಬಿದ್ದವು.

ದುರುಗವ್ವ ರಕ್ತ ಒರೆಸಿಕೊಂಡು ಎದ್ದುಬಂದಳು. "ಸರ, ನನಗೂ ನೀರಡಿಕ್ಯಾಗೈತ್ರಿ," ಎನ್ನುತ್ತ ಲೋಟಕ್ಕೆ ಕೈ ಚಾಚಿದಳು.

ಮಾಸ್ತರು ಲೋಟವನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡರು.

"ಮುಟ್ಟಬ್ಯಾಡವಾ. ಬೊಗಸಿ ಹಿಡಿ, ಮ್ಯಾಲಿಂದ ಹಾಕ್ತೀನಿ."