ದೋಣಿಗೆ ಇಳಿಯದ ಕುರ್ಚಿ

"ಅಲೆ ಜೋರಿದೆ ಮೇಡಂ. ವೀಲ್‌ಚೇರ್‌ನ ದೋಣಿಗೆ ಇಳಿಸೋಕಾಗಲ್ಲ," ಎಂದ ಹಡಗಿನ ಸಿಬ್ಬಂದಿ. ದ್ವೀಪ ಕಣ್ಣೆದುರಿಗೇ ಇತ್ತು. ಆದರೆ ಅಷ್ಟು ದೊಡ್ಡ ಹಡಗು ದಡದ ತನಕ ಹೋಗುವಂತಿರಲಿಲ್ಲ. ಪ್ರವಾಸಿಗಳನ್ನೆಲ್ಲ ಸಣ್ಣ ದೋಣಿಗಳಲ್ಲಿ ಸಾಗಿಸುತ್ತಿದ್ದರು.

"ಹಾಗಾದ್ರೆ ನಾನೂ ಹೋಗಲ್ಲ," ಎಂದು ಯಜಮಾನರು ಹೆಗಲಿನ ಚೀಲ ಕೆಳಗಿಟ್ಟೇಬಿಟ್ಟರು. ಹೆಂಡತಿಗೆ ಅಪಘಾತವಾದ ಮೇಲೆ ಅವರು ಮೆಟ್ಟಿಲಿರುವ ಸಿನಿಮಾ ಥಿಯೇಟರಿಗೂ ಕಾಲಿಟ್ಟವರಲ್ಲ.

ವೀಲ್‌ಚೇರ್‌ನಲ್ಲಿ ಕೂತಿದ್ದ ಟೀಚರಮ್ಮನಿಗೆ ರೇಗಿತು. "ನೀವು ಹೋಗದೇ ಬಿಟ್ಟ ಜಾಗಗಳನ್ನೆಲ್ಲ ನಾನೇ ಹೊತ್ಕೊಂಡು ತಿರುಗ್ತಿದ್ದೀನಿ ರೀ. ಇದೂ ಒಂದು ಸೇರೋದು ಬೇಡ. ಹೋಗಿ ಬನ್ನಿ."

ಯಜಮಾನರು ಒಲ್ಲದ ಮನಸ್ಸಿನಿಂದ ಹೊರಟರು. ದೋಣಿ ಹತ್ತುವಾಗಲೂ ತಿರುಗಿ ಕೂಗಿದರು: "ಈಜುಕೊಳದ ಹತ್ತಿರ ಸುಳೀಬೇಡ ಕಣೆ, ನೆಲ ಜಾರುತ್ತೆ!"

ಖಾಲಿಯಾದ ಹಡಗಿನಲ್ಲಿ ಟೀಚರಮ್ಮ ನೇರ ಅಲ್ಲಿಗೇ ಹೋದರು. ನಡೆಯಲಾಗದವರನ್ನು ನೀರಿಗಿಳಿಸಲು ಕೊಳದ ಅಂಚಿನಲ್ಲೊಂದು ಕುರ್ಚಿ ಇತ್ತು. ಮೊದಲ ದಿನವೇ ಅದು ಅವರ ಕಣ್ಣಿಗೆ ಬಿದ್ದಿತ್ತು. ಯಜಮಾನರು ಮಾತ್ರ ಕಂಡೂ ಕಾಣದಂತಿದ್ದರು. ಕೊಳ ನೋಡಿಕೊಳ್ಳುವ ಹೆಂಗಸು ತೇಲುವ ಜಾಕೆಟ್ ತೊಡಿಸಿ ಗುಂಡಿ ಒತ್ತಿದಳು. ಕುರ್ಚಿ ಇಳಿಯಿತು. ನೀರು ಸೊಂಟ ದಾಟಿದ್ದು ಗೊತ್ತಾಗಲಿಲ್ಲ; ಎದೆಗೆ ಬಂದಾಗ ತಣ್ಣಗೆ ತಾಗಿತು. ಆಮೇಲೆ ಕಾಲುಗಳು ತಾವಾಗಿಯೇ ಮೇಲಕ್ಕೆದ್ದು ತೇಲತೊಡಗಿದವು. ಇಷ್ಟು ವರ್ಷ ಬೇರೆಯವರು ಎತ್ತಿ ಎತ್ತಿ ಇಡಬೇಕಾಗಿದ್ದ ಕಾಲುಗಳು.

"ಅಯ್ಯೋ, ನೋಡಮ್ಮಾ ಇವನ್ನ!" ಟೀಚರಮ್ಮ ಕೊನೇ ಬೆಂಚಿಗೂ ಕೇಳುವಂತೆ ಕೂಗಿದರು.

ಸಂಜೆ ಯಜಮಾನರು ಕೋಣೆಗೆ ಬಂದಾಗ ಬಿಸಿಲಿಗೆ ಮುಖ ಕೆಂಪಾಗಿತ್ತು. ಆ ಮುಖವನ್ನು ಕಷ್ಟಪಟ್ಟು ಸಪ್ಪಗೆ ಮಾಡಿಕೊಂಡಿದ್ದರು.

"ಏನೂ ಇಲ್ಲ ಕಣೆ ಅಲ್ಲಿ. ಬರೀ ಕಲ್ಲು, ಬಿಸಿಲು. ನೀನು ಬರದಿದ್ದದ್ದೇ ಒಳ್ಳೇದಾಯ್ತು. ನೀನೇನು ಮಾಡಿದೆ?"

"ನಾನೇನು ಮಾಡ್ಲಿ? ಕಿಟಕಿ ಹತ್ತಿರ ಕೂತಿದ್ದೆ."

ಯಜಮಾನರು ದೀಪ ಹಾಕಿ ಹತ್ತಿರ ಬಂದವರು ಗಕ್ಕನೆ ನಿಂತರು. "ಕೂದಲು ಯಾಕೆ ಒದ್ದೆ?" ಕೋಪದ ದನಿಯೇ, ಆದರೆ ಅದರಲ್ಲಿ ನಡುಕವಿತ್ತು.

"ಸ್ವಲ್ಪ ಬಗ್ಗಿ," ಎಂದರು ಟೀಚರಮ್ಮ. ಬಗ್ಗಿದ ಗಂಡನ ಕಿವಿಯ ಹಿಂದೆ ಬೆರಳಾಡಿಸಿ, ಅಲ್ಲಿ ಅಂಟಿದ್ದ ಮರಳನ್ನು ಅವರದೇ ಅಂಗೈಗೆ ಉದುರಿಸಿದರು. "ನೀರಿಗೆ ಎಲ್ಲೀತನಕ ಇಳಿದಿದ್ರಿ?"

"ಮಂಡೀತನಕ."

"ಮಂಡಿಗೆ ಯಾವಾಗ ಕಿವಿ ಬಂತು?"

ಯಜಮಾನರು ಅಂಗೈಯನ್ನೇ ನೋಡುತ್ತ ನಿಂತರು. "ಕುತ್ತಿಗೇತನಕ," ಎಂದರು, ತಪ್ಪೊಪ್ಪಿಕೊಂಡವರ ಹಾಗೆ. ಆಮೇಲೆ ಮೆಲ್ಲಗೆ ಕೇಳಿದರು: "ನೀನು?"

"ನಾನೂ."