ಗಾಲಿಯ ಲಾಕು

ಘೋಣಸಗಿ ದಾಟಿ ಹೊಲದ ದಾರಿಗೆ ಇಳಿದ ಜೀಪು ಕೆಸರಿನ ಅಂಚಿಗೆ ಬಂದು ನಿಂತಿತು. ನಿಂತದ್ದೇ ತಡ, ರುದ್ರವ್ವ ಬಾಗಿಲು ತೆರೆದು, ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಗಿಸಿ, ಎರೆಮಣ್ಣಿನ ಕೆಸರಿಗೆ ಇಳಿದೇಬಿಟ್ಟಳು. ಮುಂದಿನ ಗಾಲಿಯ ಹತ್ತಿರ ನರಳುತ್ತಲೇ ಬಗ್ಗಿ ಕೈ ಹಾಕಿದಳು. ತಿರುಗಿಸಲು ಅಲ್ಲಿ ಏನೂ ಇರಲಿಲ್ಲ.

“ಇದರ ಲಾಕು ಎಲ್ಲೈತಿರಿ?”

ಸ್ಟೇರಿಂಗ್ ಹಿಡಿದು ಕುಳಿತಿದ್ದ ಗಂಡ ಶಂಕ್ರೆಪ್ಪ ಹಣೆ ಬಡಿದುಕೊಂಡ. “ಎಲ್ಲಾ ಕೆಡಿಸಿದ್ಯಲ್ಲ ಬೇ! ನಿಂದ್ರಸದ ದಾಟಿಸಿ ತೋರಸಬೇಕು ಅನ್ಕೊಂಡಿದ್ನಿ. ಈ ಹಾಳ ಕಾಲು, ಕೆಸರು ಕಂಡ ಕೂಡಲೇ ತಾನ ಬ್ರೇಕ್ ಒತ್ತಿಬಿಡ್ತು.”

ತಪ್ಪು ಇಬ್ಬರದೂ ಅಲ್ಲ, ರೂಢಿಯದು. ಆ ಹಳೆಯ ಜೀಪಿನ ಗುಣವೇ ಹಾಗಿತ್ತು. ಒಳಗೆ ಕುಳಿತು ಗೇರು ಎಳೆದ ಮಾತ್ರಕ್ಕೆ ನಾಲ್ಕೂ ಗಾಲಿಗಳಿಗೆ ಜೋರು ಬರುತ್ತಿರಲಿಲ್ಲ. ಯಾರಾದರೂ ಕೆಳಗಿಳಿದು ಮುಂದಿನ ಒಂದೊಂದು ಗಾಲಿಯ ನಟ್ಟನಡುವೆ ಇದ್ದ ಲಾಕನ್ನು ಕೈಯಿಂದ ತಿರುಗಿಸಬೇಕಿತ್ತು. ಆ ‘ಯಾರಾದರೂ’ ಎಂದರೆ ಮದುವೆಯಾದ ವರ್ಷದಿಂದ ರುದ್ರವ್ವನೇ. ಈಗ ದ್ರಾಕ್ಷಿ ತೋಟವನ್ನು ಮಗ ಸಂಗುವಿಗೆ ಒಪ್ಪಿಸಿದ ಮೇಲೆ ಶಂಕ್ರೆಪ್ಪನಿಗೆ ತಿರುಗಾಟದ ಹುಚ್ಚು ಹತ್ತಿತ್ತು. ಮೊಬೈಲಿನಲ್ಲಿ ಯಾರೋ ಹುಡುಗರು ಜೀಪು ಹತ್ತಿಸಿದ್ದು ಇಳಿಸಿದ್ದು ನೋಡಿ, ಡೋಣಿ ಹೊಳೆಯ ದಂಡೆ, ಬಬಲೇಶ್ವರದಾಚೆಯ ದಿಬ್ಬಗಳು, ಹೀಗೆ ದಾರಿಯಿಲ್ಲದ ಕಡೆಗೆಲ್ಲ ತಾನೂ ಹೋಗಿ ಬರಬೇಕೆಂದು ಕುಣಿಯತೊಡಗಿದ್ದ. ಅದಕ್ಕಾಗಿ ಸ್ಟೇಷನ್ ರಸ್ತೆಯ ತೌಸೀಫನ ಗ್ಯಾರೇಜಿನಲ್ಲಿ ಜೀಪಿಗೆ ಒಂದಿಷ್ಟು ಕೆಲಸ ಮಾಡಿಸಿದ. ಹೆಚ್ಚೇನಿಲ್ಲ, ದಪ್ಪ ಹಲ್ಲಿನ ಟೈರು, ಸ್ಪ್ರಿಂಗಿಗೆ ಒಂದು ಪಟ್ಟಿ ಜಾಸ್ತಿ, ಹೆಂಡತಿಯ ಕಡೆಗೆ ಮೆತ್ತನೆಯ ಸೀಟು. ಲಾಕಿನ ಸುದ್ದಿಯನ್ನು ಮಾತ್ರ ಅವಳಿಂದ ಮುಚ್ಚಿಟ್ಟಿದ್ದ.

“ತಗಿಸಿ ಒಗದೇನಿ,” ಎಂದ ಈಗ, ಹೆಮ್ಮೆಯಿಂದ. “ತೌಸೀಫ ಅಲ್ಲಿ ಗಟ್ಟಿ ಮುಚ್ಚಳ ಕೂಡಿಸ್ಯಾನ, ಗಾಲಿ ಯಾವಾಗ್ಲೂ ಲಾಕ್ ಆಗೇ ಇರ್ತಾವ. ಇಲ್ಲೇ ಕುಂತು ಗೇರ್ ಎಳದ್ರ ಮುಗೀತು. ಹ್ವಾದ ಮಳಿಗಾಲದಾಗ ಮೊಣಕಾಲು ಬಗ್ಗೂದಿಲ್ಲ, ನಾ ಬರೂದಿಲ್ಲ ಅಂತ ಮನ್ಯಾಗ ಕುಂತಿದ್ದಿಲ್ಲೇನ? ನೀ ಇಲ್ಲದ ನನಗ ತಿರಗೂದು ರುಚಿ ಹತ್ತಲಿಲ್ಲ. ಇನ್ನ ನೀ ಎಂದೂ ಇಳಿಯೂದು ಬ್ಯಾಡ, ಬಾಜೂಕ ಕುಂತಿದ್ರ ಸಾಕು. ಏರು.”

ರುದ್ರವ್ವ ಏರಲಿಲ್ಲ. ಗಾಲಿಯ ನಡುವೆ ಹೊಳೆಯುತ್ತಿದ್ದ ಮುಚ್ಚಳದ ಮೇಲೆ ಅಂಗೈಯಿಟ್ಟು ನಿಂತಳು. ಗಂಡ ತನ್ನ ಮೊಣಕಾಲಿನ ಚಿಂತೆ ಮಾಡಿದನಲ್ಲ ಎಂದು ಎದೆ ತುಂಬಿ ಬಂತು. ಅದರ ಜೊತೆಗೇ ಏನೋ ಕಳೆದುಕೊಂಡ ಸಂಕಟವೂ ಆಯಿತು. ಮೊದಲ ಸಲ ಇಳಿದದ್ದು ತಿಕೋಟಾದಲ್ಲಿ ಒಂದು ಲಗ್ನ ಮುಗಿಸಿ ಬರುವಾಗ. ಆಗಿನ್ನೂ ಹೊಸ ಸೊಸೆ, ಕೈತುಂಬ ಹಸಿರು ಬಳೆ. ಕೆಸರಿನ ಮುಂದೆ ಜೀಪು ನಿಲ್ಲಿಸಿ “ಇಳಿ, ಲಾಕ್ ತಿರುವು” ಎಂದಿದ್ದ ಗಂಡ. ಅಳುವೇ ಬಂದಿತ್ತು. ಆದರೆ ಮರಳಿ ಏರಿ ಕುಳಿತಾಗ ಜೀಪು ಕೆಸರನ್ನು ಸೀಳಿಕೊಂಡು ಹೋದ ಪರಿಗೆ, ಅದನ್ನು ದಾಟಿಸಿದವಳು ತಾನೇ ಎಂಬ ಗರ್ವ ಹುಟ್ಟಿತ್ತು. ಆಮೇಲೆ ಒಣದ್ರಾಕ್ಷಿಯ ಪೆಟ್ಟಿಗೆಗಳು, ಹೆರಿಗೆಗೆ ಹೊರಟ ನಾದಿನಿ, ಜ್ವರ ಬಂದ ಸಂಗು, ಎಲ್ಲವನ್ನೂ ಅವಳ ಕೈ ಈ ಕೆಸರಿನಿಂದ ಪಾರು ಮಾಡಿತ್ತು.

“ಏನ ವಿಚಾರ ಮಾಡಾಕತ್ತಿ? ಲಗೂನ ಏರು, ಹೊತ್ತಾಕ್ಕೈತಿ.”

ಹೊತ್ತಾಗುವುದಕ್ಕೆ ಅವರಿಗೆ ಯಾವ ಕೆಲಸವೂ ಇರಲಿಲ್ಲ. ಅವಸರ ಶಂಕ್ರೆಪ್ಪನ ಹುಟ್ಟುಗುಣ, ಅಷ್ಟೇ. ಸಿದ್ಧೇಶ್ವರ ಗುಡಿಯ ಪೇಟೆಯಲ್ಲಿ ಅವನು ನಡೆಯುವ ರಭಸಕ್ಕೆ, ರುದ್ರವ್ವ ಅವನ ರುಮಾಲಿನ ಬಣ್ಣ ಹಿಡಿದು ಹುಡುಕುತ್ತ ಹೋಗಬೇಕು.

“ಒಂದ ಮಾತು ಕೇಳ್ಲಿ?” ಎಂದಳು ರುದ್ರವ್ವ.

“ಕೇಳು, ಲಗೂನ ಕೇಳು.”

“ಗುಡಿಗೆ ಹೋದ್ರ ನೀವು ಮುಂದ, ನಾ ಹಿಂದ. ಸಂತ್ಯಾಗೂ ಹಂಗ. ಊಟಕ್ಕ ಕುಂತ್ರ, ನಾ ತಾಟು ಹಚ್ಚಿಕೊಳ್ಳೂದ್ರಾಗ ನೀವು ಕೈ ತೊಳದಿರ್ತೀರಿ. ಇಷ್ಟ ವರ್ಷದಾಗ ನೀವು ನನ್ನ ಸಲುವಾಗಿ ನಿಂತಿದ್ದು ಈ ಕೆಸರಿನ ದಂಡ್ಯಾಗ ಒಂದ. ನಾ ಇಳದು, ಎರಡೂ ಗಾಲಿ ತಿರುವಿ, ಏರಿ ಕುಂದ್ರೂತನ ಕಾಯ್ತಿದ್ರಿ.” ಮುಚ್ಚಳದ ಮೇಲಿನ ಕೈ ತೆಗೆದಳು. “ಇನ್ನ ಎಲ್ಲಿ ನಿಂದ್ರತೀರಿ?”

ಶಂಕ್ರೆಪ್ಪ ಹೆಂಡತಿಯ ಮುಖ ನೋಡಿದ, ಕೆಸರಿನಲ್ಲಿ ಹೂತ ಅವಳ ಕಾಲು ನೋಡಿದ. ಹಿಂದಿನಿಂದ ಬಂದ ಟ್ರ್ಯಾಕ್ಟರಿನವನು ದಾರಿ ಬಿಡಿರೆಂದು ಹಾರ್ನ್ ಹೊಡೆಯತೊಡಗಿದ. ಶಂಕ್ರೆಪ್ಪ ಕಿಟಕಿಯಿಂದ ಕೈ ಹೊರಗೆ ಚಾಚಿ, ತಡಿ ಎಂದು ಸನ್ನೆ ಮಾಡಿ, ಇಂಜಿನ್ ಬಂದ್ ಮಾಡಿದ.

ರುದ್ರವ್ವ ಬದುವಿನ ಕಲ್ಲಿನ ಮೇಲೆ ಕುಳಿತು, ಪಕ್ಕದಲ್ಲಿ ನಿಂತಿದ್ದ ಮಳೆನೀರಿನಲ್ಲಿ ಕಾಲಿಳಿಬಿಟ್ಟು, ಒಂದೊಂದೇ ಬೆರಳಿನ ಸಂದಿಯ ಕೆಸರನ್ನು ಸಾವಕಾಶವಾಗಿ ತೊಳೆಯತೊಡಗಿದಳು.