ಹತ್ತಕ್ಕೆ ಹತ್ತು

"ಹತ್ತಕ್ಕೆ ಹತ್ತು," ಎಂದು ಇಂಗ್ಲಿಷ್ ಮೇಡಂ ನೋಟುಪುಸ್ತಕವನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದರು. "ಇಸ್ತ್ರಿ ಅಕ್ಕನ್ನ ನೋಡಿ ಕಲೀರಿ. ಹತ್ತು ವಾಕ್ಯದಲ್ಲಿ ಒಂದು ಕಡೆನೂ ಎಡವಿಲ್ಲ."

ಹೋಟೆಲಿನ ಲಾಂಡ್ರಿ ಹೆಂಗಸರು ಚಪ್ಪಾಳೆ ತಟ್ಟಿದರು. ಇಸ್ತ್ರಿ ಅಕ್ಕನ ಕಿವಿಗೆ ಚಪ್ಪಾಳೆ ಬೀಳಲಿಲ್ಲ. ಅವಳು ಮೇಡಂ ಮುಖವನ್ನೇ ನೋಡುತ್ತಿದ್ದಳು. ಆ ಮುಖದಲ್ಲಿ ಗಾಬರಿ ಇರಬೇಕಿತ್ತು, ಹೋಗಲಿ, ಕೋಪವಾದರೂ ಇರಬೇಕಿತ್ತು. ಇದ್ದದ್ದು ಬರೀ ಸಂತೋಷ.

ಆ ಹತ್ತು ವಾಕ್ಯಕ್ಕೆ ಅವಳಿಗೆ ನಾಲ್ಕು ದಿನ ಹಿಡಿದಿತ್ತು. ವಾರಕ್ಕೆ ಎರಡು ಸಲ ಹೋಟೆಲಿನವರು ಊಟದ ಕೋಣೆಯಲ್ಲಿ ಇಂಗ್ಲಿಷ್ ಪಾಠ ಹೇಳಿಸುತ್ತಿದ್ದರು. ಈ ವಾರದ ಪಾಠ, 'ಹಿ' ಎಲ್ಲಿ ಬರಬೇಕು, 'ಹಿಮ್' ಎಲ್ಲಿ. 'ವಿ' ಎಲ್ಲಿ, 'ಅಸ್' ಎಲ್ಲಿ. ಮಾಡುವವನಿಗೆ ಒಂದು, ಮಾಡಿಸಿಕೊಳ್ಳುವವನಿಗೆ ಇನ್ನೊಂದು. ಉಳಿದವರು ಬಾಯಿ ಬಿಟ್ಟುಕೊಂಡು ಕೂತಿದ್ದಾಗ ಅವಳ ತಲೆಗೆ ಅದು ತಟ್ಟನೆ ಹೋಯಿತು. ನೆಲಮಾಳಿಗೆಯ ಲಾಂಡ್ರಿಯಲ್ಲಿ ಮಾಡುವವರು ಯಾರು, ಮಾಡಿಸಿಕೊಳ್ಳುವವರು ಯಾರು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಟವೆಲುಗಳು ಕಳುವಾಗುತ್ತವೆ ಎಂದು ಸೂಪರ್‌ವೈಸರ್ ಕೆಲಸದ ಹೊತ್ತಿನಲ್ಲಿ ಲಾಂಡ್ರಿ ಬಾಗಿಲಿಗೆ ಹೊರಗಿನಿಂದ ಬೀಗ ಜಡಿಯುತ್ತಿದ್ದ. ಹಿಂದಿನ ವಾರ ಹಬೆಯ ಪೈಪು ಒಡೆದು ಅವಳ ನಾದಿನಿಯ ಕೈ ಮೊಣಕೈವರೆಗೆ ಬೆಂದುಹೋಯಿತು. ಹತ್ತು ನಿಮಿಷ ಬಾಗಿಲು ಬಡಿದ ಮೇಲೆ ಅವನು ಕ್ಯಾಂಟೀನಿನಿಂದ ಬಾಯಿ ಒರೆಸಿಕೊಳ್ಳುತ್ತ ಇಳಿದು ಬಂದ. ದೂರು ಯಾವುದಿದ್ದರೂ ಅವನ ಕೈಯಿಂದಲೇ ಮೇಲೆ ಹೋಗಬೇಕು. ಬರೆದುಕೊಟ್ಟ ಎರಡೂ ಅವನ ಡ್ರಾಯರಿನಲ್ಲಿ ಗೊರಕೆ ಹೊಡೆಯುತ್ತಿದ್ದವು. ನೋಟುಪುಸ್ತಕ ಮಾತ್ರ ನೇರವಾಗಿ ಮೇಡಂ ಚೀಲಕ್ಕೆ ಹೋಗುತ್ತಿತ್ತು. ಮೇಡಂ ಪಾಠ ಮುಗಿಸಿ ಮ್ಯಾನೇಜರ್ ಜೊತೆ ಟೀ ಕುಡಿದೇ ಹೋಗುತ್ತಿದ್ದರು. ಇಸ್ತ್ರಿ ಅಕ್ಕ ಹಾಳೆ ಮುಂದಿಟ್ಟುಕೊಂಡು ಕೂತಳು. ಬೇಯುವುದಕ್ಕೆ ಇಂಗ್ಲಿಷಿನಲ್ಲಿ ಏನೆಂದು ಕೇಳಿದರೆ ರಿಸೆಪ್ಷನ್ ಹುಡುಗಿ "ಕುಕ್" ಎಂದಿದ್ದಳು. "ಅನ್ನ ಅಲ್ಲ ಕಣಮ್ಮ, ಕೈ," ಎಂದ ಮೇಲೆ ಸರಿಯಾದ ಮಾತು ಸಿಕ್ಕಿತು.

"ಕೇಳಿ," ಎಂದರು ಮೇಡಂ. "'ಹಿ ಲಾಕ್ಸ್ ಅಸ್ ಇನ್.' ಅವನು ನಮ್ಮನ್ನು ಕೂಡಿಹಾಕ್ತಾನೆ. ಇಲ್ಲಿ 'ವಿ' ಅಂದಿದ್ರೆ ತಪ್ಪಾಗ್ತಿತ್ತು. 'ವಿ ಕಾಲ್ ಹಿಮ್.' ಕರೀತೀವಿ, ಯಾರನ್ನ? ಅವನನ್ನ. 'ಸ್ಟೀಮ್ ಬರ್ನ್ಡ್ ಹರ್.' ಹಬೆ ಸುಟ್ಟಿದ್ದು ಯಾರನ್ನ? ಅವಳನ್ನ. ಎಷ್ಟು ಚೊಕ್ಕವಾಗಿದೆ ನೋಡಿ." ಒಂದೊಂದು ವಾಕ್ಯಕ್ಕೂ ಅವರು ಬೆರಳಿನಿಂದ ಪುಟವನ್ನು ತಟ್ಟುತ್ತಿದ್ದರು.

ಹಿಂದಿನ ಬೆಂಚಿನಲ್ಲಿ ಹಾಜರಿ ಪುಸ್ತಕ ಹಿಡಿದು ಕೂತಿದ್ದ ಸೂಪರ್‌ವೈಸರ್ ಕಾಲಮೇಲಿನ ಕಾಲನ್ನು ಇಳಿಸಿದ. "ಒಳ್ಳೆ ಕಲ್ಪನೆ ಮೇಡಂ. ನಮ್ಮ ಹೆಂಗಸ್ರು ಕತೆ ಕಟ್ಟೋದ್ರಲ್ಲಿ ಎತ್ತಿದ ಕೈ."

"ಹೌದಲ್ವಾ? ಒಳ್ಳೆ ಕಲ್ಪನೆ," ಎಂದು ಮೇಡಂ ನಕ್ಕರು.

"ಅತ್ತಿಗೆ, ಕತೆಯಂತೆ," ಎಂದಳು ನಾದಿನಿ ಮೆಲ್ಲಗೆ. "ಹಂಗಾದ್ರೆ ಈ ಬ್ಯಾಂಡೇಜು ಬಿಚ್ಚಿಬಿಡ್ಲಾ?"

ಇಸ್ತ್ರಿ ಅಕ್ಕನ ಸಿಟ್ಟು ಅಂಗಾಲಿನಿಂದ ನೆತ್ತಿಗೇರಿತು. ಎದ್ದು ನಿಂತಳು. "ಮೇಡಂ, ಕತೆ ಅಲ್ಲ ಅದು. ಆ 'ಹಿ' ಹಿಂದಿನ ಬೆಂಚಲ್ಲಿ ಕೂತಿದಾರೆ. ಆ 'ಹರ್' ಇಲ್ಲಿ ನನ್ನ ಪಕ್ಕದಲ್ಲಿದಾಳೆ."

"ಏ, ಕೂತ್ಕೊಳಮ್ಮ. ಪಾಠ ಕೆಡಿಸ್ಬೇಡ," ಎಂದ ಸೂಪರ್‌ವೈಸರ್.

"ನಂದು ಪಾಠ ಆಯ್ತಲ್ಲ ಸಾರ್. ಹತ್ತಕ್ಕೆ ಹತ್ತು ಬಂದಿದೆ."

ಮೇಡಂ ಬ್ಯಾಂಡೇಜು ಕಟ್ಟಿದ ಕೈಯನ್ನು ಒಮ್ಮೆ ನೋಡಿ ಕಣ್ಣು ಬೇರೆ ಕಡೆ ತಿರುಗಿಸಿದರು. "ಅಕ್ಕಾ, ಇದನ್ನೆಲ್ಲ ಮ್ಯಾನೇಜರ್ ಹತ್ರ ಹೇಳ್ಕೋಬೇಕು ನೀವು. ನಾನು ನೋಡೋದು ವ್ಯಾಕರಣ ಮಾತ್ರ."

"ಮ್ಯಾನೇಜರ್ ಹತ್ರ ಹೋಗೋಕೂ ಇವರನ್ನೇ ಕೇಳ್ಬೇಕು. ಅದಕ್ಕೇ ನಿಮಗೆ ಬರ್ದೆ." ಅವಳ ದನಿ ಏರಲಿಲ್ಲ, ಇಸ್ತ್ರಿ ಪೆಟ್ಟಿಗೆಯಂತೆ ಒಂದೇ ಸಮ ಕಾದಿತ್ತು. "ಒಂದು ಮಾತು ಹೇಳಿ ಮೇಡಂ. ಈ ಹತ್ತೂ ವಾಕ್ಯ ಶುದ್ಧ ಸುಳ್ಳೇ ಆಗಿದ್ರೆ ಎಷ್ಟು ಮಾರ್ಕು ಕೊಡ್ತಿದ್ರಿ?"

ಮೇಡಂ ಪ್ರಾಮಾಣಿಕರು. ಕೊಂಚ ಯೋಚಿಸಿಯೇ ಹೇಳಿದರು. "ತಪ್ಪಿಲ್ದೆ ಬರ್ದಿದ್ರೆ... ಹತ್ತೇ."

ಕೆಲಸದ ಗಂಟೆ ಹೊಡೆಯಿತು. ಸೂಪರ್‌ವೈಸರ್ ಜೇಬಿನಿಂದ ಬೀಗದ ಕೈ ತೆಗೆದು ಬೆರಳಿಗೆ ಸಿಕ್ಕಿಸಿಕೊಂಡು ಬಾಗಿಲ ಬಳಿ ನಿಂತ. ಹೆಂಗಸರು ಸೆರಗು ಸಿಕ್ಕಿಸಿಕೊಳ್ಳುತ್ತ, ಒಬ್ಬರ ಹಿಂದೆ ಒಬ್ಬರು ಮೆಟ್ಟಿಲಿಳಿಯತೊಡಗಿದರು. ನಾದಿನಿ ಗಾಯದ ಕೈಯನ್ನು ಎದೆಗೊತ್ತಿ ಹಿಡಿದು ಇಳಿದಳು. ಮೇಡಂ ನೋಟುಪುಸ್ತಕವನ್ನು ಮಡಚಿ ಇಸ್ತ್ರಿ ಅಕ್ಕನತ್ತ ಚಾಚಿದರು.

ಅವಳು ಕೈ ನೀಡಲಿಲ್ಲ.

"ತಿದ್ದಿದ್ದಾಯ್ತು ಮೇಡಂ. ಓದಿದ ಮೇಲೆ ಕೊಡಿ."